ಮೂಡಲಿಗೆ ಬೆನ್ನು ಹಾಕಿ ಕಾಯ್ದ ದುರ್ಗ

ನಾನು ಕೀಲಿ ಕೊಟ್ಟು ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಪವಿತ್ರ ಅಂತ ಹೆಸರು. ಅರಕಲಗೂಡಿನ ಕಡೆಯವಳು, ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಕರಿದುರ್ಗದ ಕೋಟೆ ನೋಡಿಕೊಳ್ಳುವ ಕೆಲಸ ಈಗ ಅವಳದು. "ಅಕ್ಕ, ಇಲ್ಲಿ ದಿನಪೂರ್ತಿ ಏನ್ ಮಾಡ್ಬೇಕು? ನಂಗಂತೂ ಬೇಜಾರಾಗ್ತೈತೆ" ಅಂದಳು.

ಬೇಜಾರಂತೆ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮದುವೆಯಾದ ಹೊಸದರಿಂದ ಹಿಡಿದು ಮೊಮ್ಮಗಳ ನಾಮಕರಣ ಆಗುವವರೆಗೆ ನಾನು ಅದೇ ಬೆಟ್ಟದ ಮೇಲೆ ಕಾಲ ಕಳೆದಿದ್ದೇನೆ. ಬಿಸಿಲಲ್ಲಿ ಬೆಂದಿದ್ದೇನೆ, ಜಾರಿ ಬಿದ್ದಿದ್ದೇನೆ, ಸಾಹೇಬರ ಕೈಲಿ ಬೈಸಿಕೊಂಡಿದ್ದೇನೆ. ಬೇಜಾರು ಮಾತ್ರ ಪಟ್ಟಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪವಿತ್ರ ಓದಲಿ, ಅವಳ ಹಾಗೆ ಬೇರೆ ಕೋಟೆ, ಹಳೆಯ ಗುಡಿಗಳ ಬಾಗಿಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರೂ ಓದಲಿ. ದಿನಗೂಲಿಯಿಂದ ಖಾಯಂ ಆದದ್ದು, ಸಂಬಳ ಏರಿದ್ದು, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ಎಲ್ಲರ ನೌಕರಿಯಲ್ಲೂ ಇದ್ದದ್ದೇ. ನನ್ನ ನೌಕರಿಯಲ್ಲಿ ನಿಜವಾಗಿ ಇದ್ದದ್ದು ಒಂದು ಬೆಟ್ಟ, ಇಬ್ಬರು ಸಾಹೇಬರು ಮತ್ತು ನಮ್ಮತ್ತೆ.

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಬಲಗಡೆ ಒಂದು ಕಪ್ಪು ಬಂಡೆಯ ಬೆಟ್ಟ ಕಾಣುತ್ತದಲ್ಲ, ಅದೇ ಕರಿದುರ್ಗ. ತಪ್ಪಲಲ್ಲಿರುವುದು ನಮ್ಮೂರು ಕೋಟೆಕೊಪ್ಪಲು. ಪಾಳೇಗಾರರು ಕಟ್ಟಿಸಿದ ಕೋಟೆ ಅಂತ ಕೆಲವರು ಹೇಳುತ್ತಾರೆ, ಅದಕ್ಕೂ ಹಳೆಯದು ಅಂತ ಇನ್ನು ಕೆಲವರು. ಯಾರೇ ಕಟ್ಟಿಸಿರಲಿ, ಜಾಗ ಆರಿಸಿದ ಆ ಪುಣ್ಯಾತ್ಮನಿಗೆ ಕೈ ಮುಗಿಯಬೇಕು. ಕೆಳಗೆ ಹೆಬ್ಬಾಗಿಲು. ಅಲ್ಲಿಂದ ಬಂಡೆಯಲ್ಲೇ ಕಡಿದ ಮೆಟ್ಟಿಲು. ಅರ್ಧ ದಾರಿಯಲ್ಲಿ ಬಂಡೆಯ ಹೊಟ್ಟೆಯೊಳಗೆ ತಣ್ಣಗೆ ನೀರು ನಿಲ್ಲುವ ದೊಣೆ. ಇನ್ನೂ ಮೇಲೆ ಹಿಂದೆ ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆ. ತುತ್ತತುದಿಯಲ್ಲಿ ಹಿಂದೆ ಕಾವಲಿನವರು ನಿಲ್ಲುತ್ತಿದ್ದ ದುಂಡನೆಯ ಕಲ್ಲಿನ ಕಟ್ಟೆ, ಅದಕ್ಕೆ ನಾವು ಬತೇರಿ ಅನ್ನುತ್ತೇವೆ. ಬತೇರಿಯ ಮೇಲೆ ನಿಂತರೆ ಸುತ್ತಲೂ ಸೀಮೆಯೆಲ್ಲ ಕಾಣುತ್ತದೆ. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ.

ನಮ್ಮೂರಲ್ಲಿ ಒಂದು ಕಟ್ಟುಪಾಡಿತ್ತು. ಗಂಡಸರು ಬೆಟ್ಟ ಹತ್ತಬಹುದು, ಊರಿನ ಹೆಣ್ಣುಮಕ್ಕಳು ಹತ್ತಬಹುದು, ದನ ಮೇಕೆ ಹತ್ತಬಹುದು. ಬೇರೆ ಊರಿಂದ ಬಂದ ಸೊಸೆಯಂದಿರು ಮಾತ್ರ ಹತ್ತಬಾರದು. ಮೇಲಿಂದ ಎಲ್ಲ ಊರುಗಳೂ ಕಾಣುತ್ತವೆ ಅಂದಮೇಲೆ ತವರೂ ಕಾಣುತ್ತದೆ. ತವರು ಕಣ್ಣಿಗೆ ಬಿದ್ದ ಸೊಸೆಯ ಮನಸ್ಸು ಗಂಡನ ಮನೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ಹಿರಿಯರ ಲೆಕ್ಕಾಚಾರ. ಇದನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು ನಮ್ಮತ್ತೆ ಸಾಕಮ್ಮ. ಅವರೂ ಸೊಸೆಯಾಗಿ ಬಂದವರೇ, ಒಂದು ಸಲವೂ ಮೇಲಕ್ಕೆ ಕಾಲಿಟ್ಟವರಲ್ಲ. ಅವರ ತವರು ಗೊರೂರಿನ ಮೇಲೆ ಹೇಮಾವತಿಯ ದಂಡೆಯಲ್ಲಿತ್ತು. ಅಣೆಕಟ್ಟೆ ಬಂದಾಗ ಊರು ಪೂರ್ತಿ ಮುಳುಗಿ, ಅವರ ಅಣ್ಣತಮ್ಮಂದಿರು ಸರ್ಕಾರ ಕೊಟ್ಟ ಜಮೀನು ಹುಡುಕಿಕೊಂಡು ಬೇರೆ ಬೇರೆ ಕಡೆ ಹೋದರು. ನನ್ನ ತವರು ಹುಣಸೆಕಟ್ಟೆ, ಶ್ರವಣಬೆಳಗೊಳದ ಮಗ್ಗುಲಲ್ಲಿ. ಅಂದರೆ ನನ್ನದು ಮೂಡಲು, ಅತ್ತೆಯದು ಪಡುವಲು.

ಕೋಟೆಯೊಳಗೆ ಬೆಳೆದ ಲಂಟಾನದ ಪೊದೆ ಕಡಿಯಲು ಪುರಾತತ್ವ ಇಲಾಖೆಯವರು ಕೂಲಿಗೆ ಜನ ಕೇಳಿದಾಗ ಆಲೂಗಡ್ಡೆ ಹಾಕುವ ಕಾಲ. ಗಂಡಸರೆಲ್ಲ ಹೊಲದಲ್ಲಿದ್ದರು. ನಾನು ಹೋಗುತ್ತೇನೆ ಅಂದೆ. ನಮ್ಮ ಯಜಮಾನರು ಅಮ್ಮನ ಮುಖ ನೋಡಿದರು. ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದವರು ಕುಟ್ಟುವುದು ನಿಲ್ಲಿಸಲಿಲ್ಲ.

"ದುಡೀತೀನಿ ಅನ್ನೋಳ್ನ ನಾನ್ಯಾಕೆ ತಡೀಲಿ. ಓಗು. ಆದ್ರೆ ಮೂಡ್ಲ ಕಡೀಕೆ ಮಕ ಎತ್ತಬ್ಯಾಡ. ಅತ್ಲಾಗೆ ಬೆನ್ನಾಕಿ ಗೇಯಿ" ಅಂದರು.

ಆಗಲಿ ಅಂದೆ. ಕೊಟ್ಟ ಮಾತನ್ನು ಎಂಥ ನಿಯತ್ತಿನಿಂದ ನಡೆಸಿದೆ ಅಂದರೆ ಈಗ ನೆನೆಸಿಕೊಂಡು ನಗು ಬರುತ್ತದೆ. ಗುಡಿಸುವುದು ಪಡುವಲಿಗೆ ಮುಖ ಮಾಡಿ, ಕುಡುಗೋಲು ಬೀಸುವುದು ಪಡುವಲಿಗೆ ಮುಖ ಮಾಡಿ, ಮುದ್ದೆ ಮುರಿಯುವುದೂ ಹಾಗೇ. ಬತೇರಿಯ ಮೇಲೆ ಏಡಿಯ ಹಾಗೆ ಅಡ್ಡಡ್ಡ ನಡೆದು ಹೋಗಿ ಅಡ್ಡಡ್ಡ ಇಳಿದು ಬರುತ್ತಿದ್ದೆ. ಲಂಟಾನ ಮುಗಿದ ಮೇಲೆ ಬಂದವರಿಗೆ ದಾರಿ ತೋರಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಪಡುವಲ ಕಡೆ ಏನೇನು ಇದೆಯೋ ಎಲ್ಲ ಬಾಯಿಪಾಠ. ಹೊಳೆನರಸೀಪುರದ ಮನೆಗಳು, ಹೊಳೆಯ ತಿರುವು, ಮೈಸೂರಿನ ರೈಲು, ತೀರಾ ಆಚೆ ನೀಲಿ ಘಟ್ಟದ ಸಾಲು. ಯಾರಾದರೂ "ಆ ಕಡೆ ಏನಮ್ಮ?" ಅಂತ ಮೂಡಲು ತೋರಿಸಿ ಕೇಳಿದರೆ, "ಆ ಕಡೆ ಏನೂ ಇಲ್ಲ ಸಾ, ಬರೀ ಬಯಲು. ಬನ್ನಿ ಬನ್ನಿ" ಅಂತ ಕರೆದುಕೊಂಡು ಬಂದುಬಿಡುತ್ತಿದ್ದೆ.

ಹಾಸನದಿಂದ ಒಬ್ಬರು ಮೇಷ್ಟ್ರು, ಅವರ ಹೆಂಡತಿ ಬಂದಿದ್ದರು. ಅವರು ಅದೇನು ಹುಡುಕುತ್ತಿದ್ದರೋ, ನಾನು ನನ್ನ ಪಾಠ ಒಪ್ಪಿಸಿ ಕೆಳಗೆ ಇಳಿಸಿದೆ. ಮುಂದಿನ ವಾರ ನಮ್ಮ ಬಸವರಾಜ ಸಾಹೇಬರು ಏದುಸಿರು ಬಿಡುತ್ತಾ ಬೆಟ್ಟ ಹತ್ತಿ ಬಂದರು. ಹಾಸನದ ಕಚೇರಿಯವರು, ನಮ್ಮ ಮೇಲ್ವಿಚಾರಕರು. ದಪ್ಪ ಮೈ, ಆದರೂ ನಡಿಗೆ ಜೋರು. ಜೇಬಿನ ತುಂಬ ಹುರಿದ ಕಡಲೇಕಾಯಿ. ಬತೇರಿಯ ಮೇಲೆ ನಿಂತು ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು ಕೇಳಿದರು.

"ರತ್ನಮ್ಮ, ಗೊಮ್ಮಟ ಕಾಣೋದು ಯಾವಾಗಿಂದ ನಿಂತುಹೋಯ್ತು?"

"ಯಾವ ಗೊಮ್ಮಟ ಸಾ?"

"ಬೆಳಗೊಳದ ಗೊಮ್ಮಟ ಕಣಮ್ಮ. ಎಷ್ಟು ಗೊಮ್ಮಟ ಇದ್ದಾವೆ? ಮೇಷ್ಟ್ರು ಅದನ್ನ ನೋಡೋಕೆ ಅಂತಲೇ ಬಂದಿದ್ರಂತೆ. ಆ ಕಡೆ ಏನೂ ಇಲ್ಲ, ಬರೀ ಬಯಲು ಅಂದ್ಯಂತೆ. ನೀನು ಆ ಕಡೆ ನೋಡಿದ್ದೀಯೋ ಇಲ್ವೋ?"

"ಇಲ್ಲ ಸಾ."

"ಬೆಟ್ಟದ ಮೇಲೆ ಇದ್ದುಕೊಂಡು?"

ಹೇಳದೆ ವಿಧಿ ಇರಲಿಲ್ಲ. ಅತ್ತೆಗೆ ಕೊಟ್ಟ ಮಾತು, ತವರಿನ ದಿಕ್ಕು, ಅಡ್ಡಡ್ಡ ನಡಿಗೆ, ಎಲ್ಲ ಹೇಳಿದೆ. ಸಾಹೇಬರು ಮೊದಲು ಕಣ್ಣು ಬಿಟ್ಟರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಕಡಲೇಕಾಯೆಲ್ಲ ಬಂಡೆಯ ಮೇಲೆ ಚೆಲ್ಲಾಡಿತು. ಕಲ್ಲಿಗೆ ಒರಗಿ ಕೂತು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಅರ್ಧ ಕೋಟೆ ಕಾಯೋರಿಗೆ ಅರ್ಧ ಸಂಬಳ ಸಾಕು ಅಂತ ಮೇಲಕ್ಕೆ ಬರೀಲಾ?" ಅಂದರು. ನಾನು ಗಾಬರಿಯಿಂದ ಕೈ ಮುಗಿದೆ. ಅದನ್ನು ಕಂಡು ಅವರ ದನಿ ಮೆತ್ತಗಾಯಿತು. "ಸುತ್ತ ನೋಡ್ಲಿ ಅಂತಲೇ ಈ ಕಟ್ಟೆ ಕಟ್ಟಿದ್ದು ಕಣಮ್ಮ. ಒಂದು ದಿಕ್ಕು ನೋಡೋಲ್ಲ ಅನ್ನೋ ಕಾವಲಿನವನು ಇದ್ದಿದ್ರೆ ಶತ್ರು ಅಲ್ಲಿಂದಲೇ ಬರ್ತಿದ್ದ. ಇವತ್ತು ನಿಮ್ಮತ್ತೆ ಮಾತು ಮೀರಿದ ಪಾಪ ನಂಗಿರಲಿ. ತಿರುಗು."

ಇಷ್ಟು ಹೇಳಿ ಅವರು ಕೆಳಗಿನ ಮೆಟ್ಟಿಲಿಗೆ ಇಳಿದು ನನಗೆ ಬೆನ್ನು ಮಾಡಿ ನಿಂತರು. ಎಂಥ ದೊಡ್ಡ ಮನುಷ್ಯ. ಅವರನ್ನು ನೆನೆಸಿಕೊಂಡಾಗೆಲ್ಲ ನನಗೆ ಆ ಬೆನ್ನೇ ಮೊದಲು ನೆನಪಾಗುತ್ತದೆ.

ತಿರುಗಿದೆ. ಏನು ಹೇಳಲಿ? ಬಯಲು ಅಂತ ಊರಿಗೆಲ್ಲ ಸಾರಿದ್ದೆನಲ್ಲ, ಆ ಬಯಲಿನಲ್ಲಿ ಕೆರೆಯ ಹಿಂದೆ ಕೆರೆ, ಕೆರೆಯ ಹಿಂದೆ ಕೆರೆ. ತೆಂಗಿನ ತೋಟಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ನಾಲೆ ಹೋದ ಕಡೆಯೆಲ್ಲ ಹಸಿರು ಪಟ್ಟಿ. ರಾಗಿ ಹೊಲದ ಮೇಲೆ ಮೋಡದ ನೆರಳು ಒಂದು ಊರಿಂದ ಇನ್ನೊಂದು ಊರಿಗೆ ಹೋಗುವುದನ್ನು ನಾನು ಹುಟ್ಟಿದ ಮೇಲೆ ಅವತ್ತೇ ನೋಡಿದ್ದು. ಅದರಾಚೆ ಬೆಳಗೊಳದ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಕಿರುಬೆರಳಿನಷ್ಟು ಗೊಮ್ಮಟ. ಈ ಪಕ್ಕದಲ್ಲಿ ನಮ್ಮ ಹುಣಸೆಕಟ್ಟೆಯ ಕೆರೆ, ಏರಿಯ ಮೇಲೆ ನಾನು ಕಾಯಿ ಉದುರಿಸುತ್ತಿದ್ದ ಜೋಡಿ ಹುಣಸೆಮರ. ಅಳು ಬರುತ್ತದೆ, ಓಡಿ ಹೋಗಬೇಕು ಅನ್ನಿಸುತ್ತದೆ ಅಂತೆಲ್ಲ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಎದೆ ಹಿಗ್ಗಿ ಕುಣಿಯುವ ಹಾಗಾಯಿತು. ಆಗ ತಲೆಗೆ ಬಂದ ಮೊದಲ ಮಾತು, ಇದನ್ನು ಅತ್ತೆಗೆ ತೋರಿಸಬೇಕು ಅನ್ನುವುದು. ಅವರ ಪಾಲಿನ ದಿಕ್ಕು ಅವರಿಗೆ, ನನ್ನ ಪಾಲಿನ ದಿಕ್ಕು ನನಗೆ, ಇಬ್ಬರೂ ಒಟ್ಟಿಗೆ ಇಲ್ಲಿ ನಿಲ್ಲಬೇಕು. ಆವತ್ತಿನಿಂದ ನಿವೃತ್ತಿಯವರೆಗೆ ನನ್ನ ನೌಕರಿಯಲ್ಲಿ ನಾನು ಬಯಸಿದ್ದು ಇದೊಂದನ್ನೇ.

ಸಂಜೆ ಮನೆಗೆ ಬಂದವಳು ಮೂಡಲು ನೋಡಿದ್ದನ್ನು ಒಲೆ ಮುಂದೆಯೇ ಒಪ್ಪಿಕೊಂಡುಬಿಟ್ಟೆ. ಅತ್ತೆ ಎದ್ದು ಕೈ ತೊಳೆದುಕೊಂಡರು. ಊಟಕ್ಕೆ ಕೂತು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದರು, ನನ್ನ ಕಡೆ ನೋಡಿದರು.

"ಉಪ್ಪು ಆಕಿಲ್ಲ" ಅಂದರು. ಮಗನ ಕಡೆ ತಿರುಗಿ, "ನೋಡ್ಲಾ. ನಾನ್ ಯೋಳಿರ್ನಿಲ್ವಾ. ಮನ್ಸು ಮನೇಲಿಲ್ಲ" ಅಂದರು.

ನಿಜವಾಗಿಯೂ ಮರೆತಿದ್ದೆ. ಅಲ್ಲಿಂದಾಚೆ ಎಂದು ಸಾರಿಗೆ ಉಪ್ಪು ಕಡಿಮೆಯಾದರೂ ಅತ್ತೆಯ ಬಾಯಲ್ಲಿ ಒಂದೇ ಮಾತು, "ಇವತ್ತು ಮೂಡ್ಲ ನೋಡ್ಬಂದವ್ಳೆ." ನಾನೂ ಸುಮ್ಮನಿರುತ್ತಿರಲಿಲ್ಲ. "ನೀವೂ ಒಂದ್ ಸಲ ಬನ್ನಿ ಅತ್ತೆಮ್ಮ, ಪಡುವ್ಲ ತೋರಿಸ್ತೀನಿ" ಅನ್ನುತ್ತಿದ್ದೆ. ಅವರ ಉತ್ತರವೂ ಸಿದ್ಧವಿರುತ್ತಿತ್ತು. "ನಂಗೇನೈತೆ ಅಲ್ಲಿ ನೋಡಾಕೆ? ನೀರು. ನೀರು ಬಿಂದ್ಗೇಲೂ ಐತೆ."



ಕೆಲಸದ ವಿಷಯಕ್ಕೆ ಬರುತ್ತೇನೆ, ಪವಿತ್ರ ಕೇಳಿದ್ದು ಅದನ್ನಲ್ಲವೇ. ಬೆಟ್ಟಕ್ಕೆ ಬರುವವರು ಮೊದಲು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು, ಹೆಗಲಿಗೆ ಟ್ರಾನ್ಸಿಸ್ಟರ್ ನೇತುಹಾಕಿಕೊಂಡು ಬರುತ್ತಿದ್ದರು. ಚಿತ್ರಾನ್ನ ತಿಂದು, ಬಂಡೆಯ ಮೇಲೆ ಒಂದು ನಿದ್ದೆ ತೆಗೆದು ಇಳಿಯುತ್ತಿದ್ದರು. ಈಗ ಭಾನುವಾರ ಬೆಳಕು ಹರಿಯುವ ಮೊದಲೇ ಹಾಸನದ ನಡಿಗೆಯ ತಂಡ ಹೆಬ್ಬಾಗಿಲಲ್ಲಿ ನಿಂತಿರುತ್ತದೆ, ಕೈಗೆ ಕಟ್ಟಿದ ಗಡಿಯಾರ ಎಷ್ಟು ನಡೆದೆವು ಅಂತ ಹೇಳುತ್ತದೆ. ಎದುರಿಗೆ ಅಷ್ಟೊಂದು ಸೀಮೆ ಹರಡಿಕೊಂಡಿರುವಾಗ ಇವರು ಮಣಿಕಟ್ಟು ನೋಡಿಕೊಂಡು ಹತ್ತುತ್ತಾರಲ್ಲ ಅಂತ ನಾನು ರೇಗಿಸುತ್ತಿದ್ದೆ. ಆದರೂ ಅವರು ನನಗೆ ಇಷ್ಟ. ಮೇಲೆ ಬಂದು ಬತೇರಿಗೆ ಒರಗಿ ನಿಂತಾಗ ಬ್ಯಾಂಕಿನವರು, ವಕೀಲರು, ಅಂಗಡಿಯವರು ಎಲ್ಲ ಒಂದೇ ಥರ ಸುಮ್ಮನಾಗುತ್ತಾರೆ. ಆಮೇಲೆ ಒಬ್ಬೊಬ್ಬರೂ ತಂತಮ್ಮ ಊರು ಹುಡುಕುತ್ತಾರೆ. ಮೊಸಳೆ ಅನ್ನುವ ಊರು ಯಾವ ಕಡೆ, ದುದ್ದ ಯಾವ ಕಡೆ ಅಂತ ಜಗಳ. ಮೊದಲು ದಿಕ್ಕು ತೋರಿಸಿ, ಆಮೇಲೆ ಇತಿಹಾಸ ಹೇಳಿ. ತನ್ನ ಊರಿನ ದಿಕ್ಕು ಸಿಕ್ಕಿದವನು ನಿಮ್ಮ ಕೋಟೆಯ ಕಥೆಯನ್ನು ಗಮನ ಕೊಟ್ಟು ಕೇಳುತ್ತಾನೆ.

ಬಸವರಾಜ ಸಾಹೇಬರು ವರ್ಗವಾಗಿ ಹೋದ ಮೇಲೆ ಬಂದವರು ಇನ್ನೊಬ್ಬ ಸಾಹೇಬರು. ಹೆಸರು ಬೇಡ. ಒಳ್ಳೆಯವರೇ, ಆದರೆ ಎತ್ತರ ಅಂದರೆ ಕಾಲು ನಡುಕ. ತಪಾಸಣೆಗೆ ಬಂದರೆ ಹೆಬ್ಬಾಗಿಲ ನೆರಳಲ್ಲಿ ನಿಂತು ಕುತ್ತಿಗೆ ಎತ್ತಿ, "ಮೇಲೆ ಎಲ್ಲ ಸರಿಯಾಗಿದೆಯಾ?" ಅನ್ನುವರು. "ಸರಿಯಾಗಿದೆ ಸಾ" ಅಂತ ನಾನು. ಅವರ ತಪಾಸಣೆ ಮುಗಿಯಿತು. ಒಂದು ಮಳೆಗಾಲದಲ್ಲಿ ಬತೇರಿಯ ಕಲ್ಲು ಸಡಿಲವಾದಾಗ ಅವರು ಕಣ್ಣಾರೆ ನೋಡಲೇಬೇಕಾಯಿತು. ಮೊದಲ ತಿರುವಿನಲ್ಲೇ ಬಂಡೆ ತಬ್ಬಿಕೊಂಡು ಕೂತರು. ಆಗ ನನಗೆ ಒಂದು ಉಪಾಯ ಹೊಳೆಯಿತು. "ಸಾ, ಅತ್ಲಾಗೆ ಇತ್ಲಾಗೆ ನೋಡ್ಬ್ಯಾಡಿ. ನನ್ ಹಿಮ್ಮಡಿ ನೋಡ್ಕಂಡು ಬನ್ನಿ. ನಾನು ಇಟ್ಟ ಜಾಗಕ್ಕೆ ನೀವೂ ಇಡಿ" ಅಂದೆ. ಹಾಗೇ ಬಂದರು. ಮೇಲೆ ತಲುಪಿ ತಲೆ ಎತ್ತಿದವರು, ಕಲ್ಲು ನೋಡುವುದನ್ನು ಮರೆತು ಎಷ್ಟೋ ಹೊತ್ತು ಹೊಳೆ ನೋಡುತ್ತಾ ನಿಂತರು. ಆಮೇಲೆ ತಿಂಗಳಿಗೊಂದು ಸಲ ಏನಾದರೂ ನೆಪ ಮಾಡಿಕೊಂಡು ಬರತೊಡಗಿದರು. ಹೆದರಿದವರನ್ನು ಹತ್ತಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ನೆನಪಿಡಬೇಕಾದ್ದು ಗಾಳಿ. ಬೆಟ್ಟದ ತೆಂಕಣ ಕೋಡುಗಲ್ಲಿನ ಕೆಳಗೆ ಹೆಜ್ಜೇನು ಕಟ್ಟುತ್ತದೆ. ಮದುವೆಗೆ ಮೊದಲು ಜೋಡಿಯಾಗಿ ಫೋಟೊ ತೆಗೆಸುವುದು ಈಗಿನ ಫ್ಯಾಷನ್. ಬೂವನಹಳ್ಳಿ ಕಡೆಯ ಹುಡುಗಿ, ಹಾಸನದ ಹುಡುಗ, ಜೊತೆಗೆ ಫೋಟೊಗ್ರಾಫರ್ ಬಂದರು. ಹುಡುಗಿ ಹಾಕಿಕೊಂಡಿದ್ದ ಕೆಂಪು ನಿಲುವಂಗಿಯ ಬಾಲ ಎರಡು ಮೆಟ್ಟಿಲು ಹಿಂದೆ ಎಳೆದುಕೊಂಡು ಬರುತ್ತಿತ್ತು. ಕಸ ಗುಡಿಸುವ ಕೆಲಸ ಅವತ್ತು ಅವಳೇ ಮುಗಿಸಿಕೊಟ್ಟಳು. ನಾನು ದೊಣೆಯ ಹತ್ತಿರ ಇದ್ದೆ. ಮೇಲೆ ನೋಡಿದರೆ ನೀಲಿ ಹೊಗೆ. ಫೋಟೊಗೆ ಚೆನ್ನಾಗಿರುತ್ತದೆ ಅಂತ ಫೋಟೊಗ್ರಾಫರ್ ಬಣ್ಣದ ಹೊಗೆಯ ಡಬ್ಬಿ ಹಚ್ಚಿಬಿಟ್ಟಿದ್ದ. ಗಾಳಿ ನೇರವಾಗಿ ತೆಂಕಲಿಗೆ, ಹೆಜ್ಜೇನಿನ ಕಡೆಗೇ ಬೀಸುತ್ತಿತ್ತು.

ನಾನು ಓಡಿದ ಓಟ ಇವತ್ತಿಗೂ ನನಗೇ ನಂಬಿಕೆಯಾಗುವುದಿಲ್ಲ. ಮೂವರನ್ನೂ ಹಿಡಿದು ಮದ್ದಿನ ಮನೆಗೆ ನೂಕಿದೆ. ಅದಕ್ಕೆ ಬಗ್ಗಿ ನುಸುಳುವಷ್ಟು ಬಾಗಿಲು, ಕದ ಇಲ್ಲ. ಹುಳು ಆಗಲೇ ಗುಂಯ್‌ಗುಡುತ್ತಿತ್ತು. "ಬಟ್ಟೆ ಎಳಿಯವ್ವ" ಅಂದೆ. ಹುಡುಗಿಗೆ ತಕ್ಷಣ ಅರ್ಥವಾಯಿತು. ತನ್ನ ನಿಲುವಂಗಿಯ ಆ ಉದ್ದನೆಯ ಬಾಲವನ್ನು ಮುದುರಿ ಬಾಗಿಲಿಗೆ ತುರುಕಿದಳು. ಸಂದು ಬಿಡದೆ ಮುಚ್ಚಿತು. ಕತ್ತಲಲ್ಲಿ ನಾವು ನಾಲ್ವರು ಮಂಡಿ ಮಡಚಿಕೊಂಡು ಕೂತೆವು. ಹುಡುಗನಿಗೆ ಕಿವಿಗೆ ಕಚ್ಚಿತ್ತು, ಫೋಟೊಗ್ರಾಫರ್‌ನ ಮೂಗು ಬದನೆಕಾಯಿ ಆಗಿತ್ತು. ಹುಡುಗಿ ಇದ್ದಕ್ಕಿದ್ದ ಹಾಗೆ ನಗಲು ಶುರು ಮಾಡಿದಳು. "ಈ ಬಟ್ಟೆ ಬಾಡಿಗೇದು ಕಣಾಂಟಿ" ಅಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹುಳು ಗೂಡಿಗೆ ತಿರುಗಿದ ಮೇಲೆ ಇಳಿದೆವು. ಮದುವೆಗೆ ಕರೆದರು, ಹೋಗಿದ್ದೆ. ಛತ್ರದ ಬಾಗಿಲಲ್ಲಿ ಇಟ್ಟಿದ್ದ ದೊಡ್ಡ ಫೋಟೊದಲ್ಲಿ ಹಿನ್ನೆಲೆಗೆ ನಮ್ಮ ಮದ್ದಿನ ಮನೆ. ಹುಡುಗಿ ಬಂದ ನೆಂಟರಿಗೆಲ್ಲ, "ಇವ್ರೇ ನಮ್ಮ ಕೋಟೆ ಆಂಟಿ" ಅಂತ ನನ್ನನ್ನು ತೋರಿಸಿದ್ದೇ ತೋರಿಸಿದ್ದು.

ಇಂಥ ದಿನದ ಸಂಜೆ ನಾನು ಮನೆಗೆ ಬಂದು ಕಥೆ ಹೇಳಿದರೆ ಅತ್ತೆ ಕಿವಿಗೊಟ್ಟು ಕೇಳುವರು. ನಗುವ ಕಡೆ ನಗುವರು. ಮದ್ದಿನ ಮನೆ ಎಷ್ಟಗಲ, ದೊಣೆಯ ನೀರು ಸಿಹಿಯೋ ಸಪ್ಪೆಯೋ ಎಲ್ಲ ವಿಚಾರಿಸುವರು. ಬತೇರಿಯ ಮಾತು ಬಂತೋ, ಎದ್ದು ದನದ ಕೊಟ್ಟಿಗೆಗೆ ಹೋಗುವರು. ನಾನೂ ಬಿಡದೆ ಪ್ರತಿ ವರ್ಷ ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗೆ ಆದಾಗ ಕರೆಯುತ್ತಿದ್ದೆ. ಒಂದು ವರ್ಷ ಮಂಡಿ ನೋವು, ಇನ್ನೊಂದು ವರ್ಷ ಊರಿನವರು ಏನಂದುಕೊಂಡಾರು ಅನ್ನುವುದು. ಆಮೇಲೆ ಕಣ್ಣಿಗೆ ಪೊರೆ ಬಂತು, ಅವರಿಗೆ ದೊಡ್ಡ ನೆಪ ಸಿಕ್ಕಿತು. "ಕಣ್ಣೇ ಕಾಣಾಕಿಲ್ಲ, ಬೆಟ್ಟ ಅತ್ತಿ ಏನ್ ನೋಡ್ಲಿ?"

ನನ್ನ ನಿವೃತ್ತಿ ಹತ್ತಿರ ಬಂದ ಹೊತ್ತಿಗೆ ಹಾಸನಕ್ಕೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತವರಿಗೆ ಹೊಸ ಲೋಕವೇ ಸಿಕ್ಕ ಹಾಗಾಯಿತು. ಬಸ್ ನಿಲ್ದಾಣದಲ್ಲಿ ಇಳಿದವರು ಯಾರು, ಕೈಯಲ್ಲಿ ಏನು ಹಿಡಿದಿದ್ದಾರೆ, ಎಲ್ಲ ಅಲ್ಲಿಂದಲೇ ಹೇಳುವರು. ಮಾರಿಗುಡಿಯ ಗೋಡೆಗೆ ಬಿರುಕು ಬಿಟ್ಟಿದೆ ಅಂತ ಮೊದಲು ಕಂಡುಹಿಡಿದದ್ದೂ ಅವರೇ. ಒಂದು ಸಂಜೆ ಪಕ್ಕದಲ್ಲಿ ಹೋಗಿ ಕೂತೆ.

"ಈಗ ದೂರದ್ದೂ ಕಾಣ್ತೈತಲ್ಲ ಅತ್ತೆಮ್ಮ."

ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

"ನಂದು ಮುಗೀತು. ಈ ತಿಂಗಳು ಕಳುದ್ರೆ ಕೀಲಿ ಬೇರೇರ ಕೈಗೆ."

"ಗೊತ್ತು ಕಣೇ" ಅಂದರು. ಅಷ್ಟೇ. ನಾನು ಎದ್ದು ಒಳಗೆ ಬಂದೆ. ಇನ್ನು ಕೇಳಬಾರದು ಅಂತ ತೀರ್ಮಾನ ಮಾಡಿದೆ. ಬೇಜಾರು ಅಲ್ಲ, ಸಂಕಟವಾಯಿತು. ಸಾವಿರಾರು ಜನರಿಗೆ ಊರು ತೋರಿಸಿದ್ದೇನೆ, ಮನೆಯವರೊಬ್ಬರಿಗೆ ತೋರಿಸಲಾಗಲಿಲ್ಲ.

ಕೊನೆಯ ಭಾನುವಾರ. ನಡಿಗೆಯವರಿಗೆ ಹೆಬ್ಬಾಗಿಲು ತೆಗೆದು ನಿಂತಿದ್ದೆ. ಊರ ಕಡೆಯಿಂದ ಕೋಲು ಊರುವ ಸದ್ದು ಕೇಳಿಸಿತು. ಬರುತ್ತಿದ್ದವರು ನಮ್ಮತ್ತೆ. ಹಬ್ಬಕ್ಕೆ ಉಡುವ ಹಸಿರು ಸೀರೆ, ಕಪ್ಪು ಕನ್ನಡಕ, ಸೊಂಟಕ್ಕೆ ಎಲೆ ಅಡಿಕೆ ಚೀಲ. ನನ್ನ ಎದುರಿಗೆ ಬಂದು ನಿಂತರು.

"ಏನ್ ಅಂಗೆ ನೋಡ್ತೀಯ? ನೀನು ಕಾಯೋದು ಮುಗಿಯೋದ್ರೊಳ್ಗೆ ಬತ್ತೀನಿ ಅಂದ್ಕಂಡಿದ್ದೆ. ಮುಂದಿನ್ ವಾರ ಬಾಗ್ಲಾಗೆ ಯಾರೋ ಏನೋ. ನಡಿ."

ನಾನು ಕೀಲಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ಮುಂದೆ, ಅವರು ಹಿಂದೆ. ಬಂಡೆಯ ಮೆಟ್ಟಿಲು ಶುರುವಾದಾಗ, "ನನ್ ಹಿಮ್ಮಡಿ ನೋಡ್ಕಂಡು ಬನ್ನಿ ಅತ್ತೆಮ್ಮ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹಿಂದಿನಿಂದ ದನಿ ಬಂತು. "ಇಮ್ಮಡಿ ಒಡ್ದು ಒಲ ಆಗೈತೆ. ಒಸಿ ಎಣ್ಣೆ ಅಚ್ಕಳಾಕೆ ಏನಾಗಿತ್ತೇ ನಿಂಗೆ?" ದೊಣೆಯ ಹತ್ತಿರ ಕೂತು ನೀರು ಕುಡಿದರು, ಸಪ್ಪೆ ಅಂತ ತೀರ್ಪು ಕೊಟ್ಟರು. ಹಾಸನದ ನಡಿಗೆಯವರು ಬಿಸ್ಕತ್ತು ಕೊಟ್ಟು, "ಅಜ್ಜಿ, ಕನ್ನಡಕ ಸೂಪರ್" ಅಂತ ಜೊತೆಗೆ ನಿಂತು ಫೋಟೊ ತೆಗೆದುಕೊಂಡರು. ಅತ್ತೆ ಬಿಗಿಯಾಗಿ ನಿಂತು ತೆಗೆಸಿಕೊಂಡರು. ಮತ್ತೆ ಹತ್ತಿದೆವು. ನಿಲ್ಲುತ್ತಾ, ಕೂರುತ್ತಾ, ಬಿಸಿಲು ಏರುವ ಮೊದಲು ಬತೇರಿ ತಲುಪಿದೆವು.

ಕೈ ಹಿಡಿದು ಪಡುವಲ ಅಂಚಿಗೆ ನಿಲ್ಲಿಸಿದೆ. ಹಿಂದಿನ ದಿನ ಮಳೆ ಬಂದು ಗಾಳಿ ತಿಳಿಯಾಗಿತ್ತು. ಹೊಳೆನರಸೀಪುರ ದಾಟಿ, ಅರಕಲಗೂಡು ಕಡೆಯ ದಿಣ್ಣೆಗಳನ್ನು ದಾಟಿ, ಘಟ್ಟದ ಈಚೆಗೆ ಬೆಳ್ಳಗೆ ನೀರಿನ ಒಂದು ಗೆರೆ ಹೊಳೆಯುತ್ತಿತ್ತು.

"ಅದೇನಾ?" ಅಂದರು.

"ಅದೇ ಅತ್ತೆಮ್ಮ."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನೋಡಿದರು. ನಡಿಗೆಯವರು ಏನೋ ತಿಳಿದವರಂತೆ ದೂರ ಸರಿದರು. ಅತ್ತೆಯ ತುಟಿ ಅಲುಗುತ್ತಿತ್ತು, ಯಾರು ಯಾರ ಹೆಸರು ಹೇಳಿಕೊಂಡರೋ ನನಗೆ ಕೇಳಿಸಲಿಲ್ಲ. ಆಮೇಲೆ ಕೋಲು ಊರಿ ಮೆಲ್ಲಗೆ ತಿರುಗಿದರು.

"ಈಗ ನಿಂದು ತೋರ್ಸು."

"ಏನು?"

"ನಿನ್ ತೌರು ಕಣೇ."

ಮೂಡಲ ಅಂಚಿಗೆ ಕರೆದುಕೊಂಡು ಹೋದೆ. ಬೆರಳು ಚಾಚಿ ಮೊದಲು ಗೊಮ್ಮಟ, ಅಲ್ಲಿಂದ ಈಚೆಗೆ ಕೆರೆ, ಕೆರೆ ಏರಿ, ಜೋಡಿ ಹುಣಸೆಮರ ತೋರಿಸಿದೆ. ಅವರು ನನ್ನ ಬೆರಳಿನ ಗುಂಟ ನೋಡುತ್ತಾ ಹೋದರು. ಮರ ಸಿಕ್ಕಿತು ಅಂತ ಅವರ ಕೈ ಬಿಗಿಯಾದಾಗ ನನಗೆ ಗೊತ್ತಾಯಿತು.

"ಆ ಮರ್ವಾ? ಇಷ್ಟ್ ಅತ್ರಾನಾ?"

"ಹೂಂ ಅತ್ತೆಮ್ಮ."

ಬಹಳ ಹೊತ್ತು ಆ ಮರಗಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ ಅಂದರು, "ನಮ್ಮೂರ್ನ ಕಟ್ಟೆ ಮುಳುಗಿಸ್ತು. ನಿಮ್ಮೂರ್ನ ನಾನ್ ಮುಳುಗಿಸ್ದೆ ಕಣೇ ರತ್ನಿ."

 ಅಳುವುದೋ ನಗುವುದೋ ತಿಳಿಯದೆ, "ಎಲ್ ಮುಳುಗಿಸಿದ್ರಿ? ನಾನು ದಿನಾ ನೋಡ್ತಿದ್ದೆ" ಅಂದೆ.

"ಗೊತ್ತು. ಅದ್ಕೇ ಸಾರ್ಗೆ ಉಪ್ಪಿರ್ತಿರ್ನಿಲ್ಲ" ಅಂದರು. ಇಬ್ಬರೂ ನಕ್ಕೆವು. ನಗುನಗುತ್ತಲೇ ಅವರು ಸೆರಗಿನಿಂದ ನನ್ನ ಮುಖ ಒರೆಸಿದರು.

ಇಳಿದು ಬಂದಾಗ ನಲ್ಲಿಯ ಹತ್ತಿರ ನಾಲ್ಕಾರು ಸೊಸೆಯಂದಿರು ಬಿಂದಿಗೆ ಇಟ್ಟುಕೊಂಡು ಬಾಯಿ ಬಿಟ್ಟು ನಿಂತಿದ್ದರು. ಊರಿನ ಕಟ್ಟು ಕಾಯ್ದ ಸಾಕಮ್ಮನೇ ಬೆಟ್ಟದಿಂದ ಇಳಿದು ಬರುತ್ತಿದ್ದಾರಲ್ಲ. ಅತ್ತೆ ನಿಂತು ಕೋಲನ್ನು ಬೆಟ್ಟದ ಕಡೆ ಎತ್ತಿದರು. "ಏನ್ ನೋಡ್ತೀರೇ? ಓಗಿ, ನಿಮ್ ನಿಮ್ ಊರು ನೋಡ್ಕಂಡ್ ಬನ್ನಿ. ಯಾರಾದ್ರೂ ಕೇಳುದ್ರೆ ನನ್ನ ಎಸ್ರು ಯೋಳಿ" ಅಂದರು. ಮುಂದಿನ ಭಾನುವಾರ ಬತೇರಿಯ ಮೇಲೆ ಎಷ್ಟು ಸೀರೆಗಳ ಬಣ್ಣ ಕಂಡಿತು ಅನ್ನುವುದನ್ನು ನಾನು ಬರೆಯಬೇಕಿಲ್ಲ, ಅವತ್ತು ಬಾಗಿಲು ತೆಗೆದವಳು ಪವಿತ್ರ, ಅವಳಿಗೇ ಗೊತ್ತು.

ನಾವು ಬೆಟ್ಟ ಇಳಿದ ದಿನ ನನಗೆ ಸುಸ್ತಾಗಿದೆ ಅಂತ ಸಂಜೆಯ ಅಡುಗೆಗೆ ಅತ್ತೆಯೇ ನಿಂತರು. ಅವರೆಕಾಳು ಸಾರು, ಬಿಸಿ ಮುದ್ದೆ. ಮನೆಯವರೆಲ್ಲ ಕೂತೆವು. ಮೊದಲ ತುತ್ತು ನುಂಗಿದ ನಮ್ಮ ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಸಾರಿಗೆ ಉಪ್ಪೇ ಇರಲಿಲ್ಲ. ಅತ್ತೆಯೂ ತುತ್ತು ಬಾಯಿಗಿಟ್ಟರು. "ಯಾರೂ ಮಾತಾಡ್ಬ್ಯಾಡಿ, ಉಣ್ಣಿ" ಅಂದರು. ಎಲ್ಲರೂ ಉಂಡೆವು. ಅಷ್ಟು ರುಚಿಯಾದ ಸಾರು ನಾನು ಉಂಡಿಲ್ಲ.

ಪವಿತ್ರ, ನಾಳೆ ಬೆಳಿಗ್ಗೆ ಬೇಗ ಹೋಗು. ಬತೇರಿಯ ಪಡುವಲ ಅಂಚಿಗೆ ನಿಂತು ಅರಕಲಗೂಡಿನ ಕಡೆ ನಿಮ್ಮೂರು ಹುಡುಕು, ಸಿಗುವವರೆಗೂ ಇಳಿಯಬೇಡ. ಸಂಜೆ ಮನೆಗೆ ಹೋಗಿ ಸಾರು ಮಾಡು. ಉಪ್ಪು ಮರೆತರೆ ನನಗೆ ಫೋನ್ ಮಾಡು.